ಲಾವಣಿಯೊಳಗಿನ ಬೀಸುಕಲ್ಲು

ಮೊಮ್ಮಗಳು ಹತ್ತನೆಯ ಇಯತ್ತೆಯಲ್ಲಿದ್ದ ವರ್ಷದ ಮಾತು. ಒಂದು ಮುಸ್ಸಂಜೆ ಪಡಸಾಲೆಯಲ್ಲಿ ಕೂತು ಕನ್ನಡದ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ನಾನು ಅವಳೆದುರಿಗೇ ಮೊರದಲ್ಲಿ ಜೀರಿಗೆ ಹರವಿಕೊಂಡು ಹರಳು ಆರಿಸುತ್ತಿದ್ದೆ. ನಮ್ಮ ರಬಕವಿಯಲ್ಲಿ ಆ ಹೊತ್ತಿಗೆ ಮಗ್ಗಗಳ ಸದ್ದು ಇನ್ನೂ ನಿಂತಿರುವುದಿಲ್ಲ. ಆ ಖಟಖಟದ ನಡುವೆ ಅವಳ ದನಿಯನ್ನು ಅರ್ಧ ಕೇಳುತ್ತ, ಅರ್ಧ ಬಿಡುತ್ತ ಕೂತಿದ್ದವಳಿಗೆ ಥಟ್ಟನೆ ಜೀರಿಗೆ ಎಂಬ ಮಾತು ಕಿವಿಗೆ ಬಿತ್ತು. ಹುಡುಗಿ ನನ್ನ ಮೊರ ನೋಡಿ ಚೇಷ್ಟೆ ಮಾಡುತ್ತಿದ್ದಾಳೆಂದುಕೊಂಡೆ. “ಏನಂದಿ? ಇನ್ನೊಮ್ಮೆ ಅನ್ನು” ಎಂದೆ. “ಪದ್ಯದಾಗ ಐತೆಜ್ಜಿ” ಎಂದು ಪುಸ್ತಕವನ್ನೇ ತಿರುಗಿಸಿ ತೋರಿಸಿದಳು.

ಅದು ಹಲಗಲಿಯ ಬೇಡರ ಲಾವಣಿ. ನನಗೇನೂ ಹೊಸದಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. 1857 ಎಂದರೆ ಮೀರತ್, ದಿಲ್ಲಿ, ಝಾನ್ಸಿ. ನಮ್ಮ ಕಡೆ ನರಗುಂದ, ಸುರಪುರ, ಮುಂಡರಗಿ, ಹಲಗಲಿ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಿದ್ದೆ. ಲಾವಣಿಯನ್ನೂ ಎಷ್ಟೋ ಸಲ ಕೇಳಿದ್ದೆ. ಆದರೆ ಅದರಲ್ಲಿ ಕತ್ತಿ, ಕುದುರೆ, ಗುಂಡುಗಳ ಸಪ್ಪಳವನ್ನಷ್ಟೇ ಕೇಳಿದ್ದೆನೇ ಹೊರತು ಜೀರಿಗೆಯನ್ನು ಕೇಳಿರಲಿಲ್ಲ. ಊರು ಸುಟ್ಟು ಸೂರೆ ಹೋದದ್ದನ್ನು ಹೇಳುವಾಗ ಆ ಹಾಡುಗಾರ ಮನೆಮನೆಯಿಂದ ಏನೇನು ಹೋಯಿತೆಂದು ಹೇಳುತ್ತಾನೆ. ಹಾಲು-ಹೈನ, ಎಣ್ಣೆ, ಉಪ್ಪು, ಬೆಲ್ಲ, ಅರಿಶಿನ, ಊಟದ ಗಂಗಾಳ, ನೀರಿನ ಚರಿಗೆ, ಹೆಂಗಸರ ಕೊರಳಿನ ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ಯುದ್ಧದ ಹಾಡೊಂದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತದ್ದನ್ನು ಅಷ್ಟು ವರ್ಷ ನಾನು ಗಮನಿಸಿರಲೇ ಇಲ್ಲ. ಆ ಬೀಸುಕಲ್ಲು ಅಂದಿನಿಂದ ನನ್ನ ತಲೆಯೊಳಗೆ ಬೀಸುತ್ತಲೇ ಇದೆ.

ಹಲಗಲಿ ನಮಗೆ ದೂರದ ಊರಲ್ಲ, ಮುಧೋಳ ತಾಲೂಕಿನದು. ಆ ಕಾಲಕ್ಕೆ ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ. ಗಾದಿಯ ಮೇಲೆ ರಾಜರಿದ್ದರೂ ಅವರ ತಲೆಯ ಮೇಲೆ ಕಂಪನಿ ಸರಕಾರವಿತ್ತು. 1857ರ ಮೇ ತಿಂಗಳಲ್ಲಿ ಉತ್ತರದ ಸಿಪಾಯಿಗಳು ತಿರುಗಿಬಿದ್ದ ಮೇಲೆ ಕಂಪನಿಯವರಿಗೆ ಎಲ್ಲರ ಮನೆಯ ಮೂಲೆಯಲ್ಲೂ ಕತ್ತಿಯೇ ಕಾಣತೊಡಗಿತು. ಸೆಪ್ಟೆಂಬರಿನಲ್ಲಿ ಕಾಯಿದೆ ಬಂತು: ಆಯುಧ ಇದ್ದವರೆಲ್ಲ ಬರೆಸಬೇಕು, ಪರವಾನಗಿ ಇಲ್ಲದವರು ಒಪ್ಪಿಸಬೇಕು. ದೇಶದಲ್ಲಿ ಶಾಂತಿ ನೆಲೆಸಲೆಂದೇ ಈ ಕಾಯಿದೆ ಎಂಬುದು ಅದನ್ನು ಮಾಡಿದವರ ಸಮಾಧಾನ. ಅವರು ಸುಳ್ಳು ಹೇಳುತ್ತಿದ್ದರೆಂದೂ ನನಗೆ ಅನ್ನಿಸುವುದಿಲ್ಲ. ಎದುರಿನವನ ಕೈ ಬರಿದಾದರೆ ತನಗೆ ನಿದ್ದೆ ಬರುತ್ತದೆಂದು ಮನುಷ್ಯ ಪ್ರಾಮಾಣಿಕವಾಗಿಯೇ ನಂಬುತ್ತಾನೆ.

ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇರೆಯೇ. ಬೇಟೆಗೆ ಅದು, ಕಾವಲಿಗೆ ಅದು, ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡುವುದೂ ಅದನ್ನೇ. ನೇಕಾರನ ಮನೆಯಿಂದ ಮಗ್ಗ ಕಿತ್ತುಕೊಂಡು ಹೋದರೆ ಏನು ಉಳಿಯುತ್ತದೆ? ಬರಿಯ ಕುಣಿ. ನಮ್ಮ ಬನಹಟ್ಟಿ-ರಬಕವಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಡಗ, ಬಾಲ, ರಾಮ, ಹನುಮ ಎಂದು ಲಾವಣಿ ಅವರ ಮುಂದಾಳುಗಳ ಹೆಸರು ಹೇಳುತ್ತದೆ. ಅವರು ಕೂಡಿ ಮಾತಾಡಿಕೊಂಡರು, ಕೊಡುವುದಿಲ್ಲವೆಂದರು. ಹತಾರು ಕೇಳಲು ಬಂದ ಕಾರಕೂನನ ಕಪಾಳಕ್ಕೆ ಬಿತ್ತು ಎಂದೂ ಲಾವಣಿಯಲ್ಲಿದೆ. ಈ ಮಾತು ಬಂದಾಗ ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ಕಾರಕೂನ ಯಾರು, ಎಷ್ಟು ಪಗಾರದವನು, ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟ ಹೆಂಡತಿಗೆ ಏನು ಹೇಳಿ ಬಂದಿದ್ದ ಎಂಬುದನ್ನು ನಾವ್ಯಾರೂ ಯೋಚಿಸಲಿಲ್ಲ. ಹುಕುಂ ಹೊರಡಿಸಿದವನು ಒಬ್ಬ, ಏಟು ತಿಂದವನು ಇನ್ನೊಬ್ಬ. ಜಗಳಗಳಲ್ಲಿ ಹೆಚ್ಚಾಗಿ ಹೀಗೇ ಅಲ್ಲವೆ?

ಸುತ್ತಲಿನ ಊರುಗಳ ಬೇಡರೂ ಬಂದು ಹಲಗಲಿ ಸೇರಿದರು. ಸಂಸ್ಥಾನದ ಕೈಯಲ್ಲಿ ಆಗದಾಗ ಕಲಾದಗಿಯ ದಂಡಿಗೆ ಸುದ್ದಿ ಹೋಯಿತು. ನವೆಂಬರ ಕೊನೆಗೆ ಸರಕಾರದ ಫೌಜು ಬಂದು ಊರು ಮುತ್ತಿತು. ನಮ್ಮ ಕಡೆಯ ಹಳೆಯ ಮನೆಗಳನ್ನು ನೀವು ನೋಡಿದ್ದೀರಿ: ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಂಡಿ. ಆ ಮನೆಗಳ ಒಳಗಿನಿಂದ ಬೇಡರು ಗುಂಡು ಹಾರಿಸಿದರು. ಗೋಡೆ ಬೀಳಿಸುವುದಕ್ಕಿಂತ ಬೆಂಕಿ ಹಚ್ಚುವುದು ಸಸಾರವೆಂದು ಫೌಜಿನವರಿಗೆ ಕಂಡಿರಬೇಕು, ಊರಿಗೇ ಬೆಂಕಿಯಿಟ್ಟರು. ಎಷ್ಟೋ ಮಂದಿ ಅಲ್ಲಿಯೇ ಸತ್ತರು, ನೂರಾರು ಜನ ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ವಿಚಾರಣೆ ಮುಗಿಸಿ ಮುಂದಾಳುಗಳನ್ನು ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಹಲಗಲಿಯಲ್ಲಿಯೇ ಗಲ್ಲಿಗೇರಿಸಿದರು. ಕಾಯಿದೆ ಹುಟ್ಟಿದ ಸುಮಾರು ಮೂರು ತಿಂಗಳಲ್ಲಿ ಎಲ್ಲ ಮುಗಿದಿತ್ತು.

ಮರುವರ್ಷ ನರಗುಂದದಲ್ಲಿಯೂ ಇದರದೇ ಇನ್ನೊಂದು ರೂಪ. ಬಾಬಾಸಾಹೇಬ ಭಾವೆಯನ್ನು 1858ರ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಅವನ ತಾಯಿ, ಹೆಂಡತಿ ಮಲಪ್ರಭೆಯ ಪಾಲಾದರು. ಪಾಠದ ಪುಸ್ತಕದಲ್ಲಿ ಅವರಿಬ್ಬರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಹಲಗಲಿಯ ಹೆಂಗಸರಿಗೆ ಅದೂ ಇಲ್ಲ. ಅವರಿಗಿರುವುದು ಲಾವಣಿಯ ಆ ಸಾಮಾನಿನ ಯಾದಿ ಮಾತ್ರ. ಆ ಲಾವಣಿಯನ್ನು 1880ರ ದಶಕದಲ್ಲಿ ಬರೆಸಿಕೊಂಡು ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ಅದೇ ಸರಕಾರದ ಅಧಿಕಾರಿ! ಊರು ಸುಟ್ಟ ಸರಕಾರದವನೇ ಊರಿನವರ ಅಳುವನ್ನು ಕಾಪಾಡಿ ಇಟ್ಟ. ಮನುಷ್ಯ ಸ್ವಭಾವವನ್ನು ಒಂದು ಪಾತ್ರೆಯಲ್ಲಿ ತುಂಬಿ ಅಳೆಯಲು ಬರುವುದಿಲ್ಲ ಎನ್ನುವುದಕ್ಕೆ ನನಗೆ ಈ ಫ್ಲೀಟ್ ಸಾಹೇಬ ನೆನಪಾಗುತ್ತಾನೆ.

ಅಹಿಂಸೆಯ ಮಾತಾಡಿದ ಗಾಂಧೀಜಿ ಕೂಡ 1918ರ ಒಂದು ಕರಪತ್ರದಲ್ಲಿ, ಇಡೀ ಜನತೆಯ ಕೈಯಿಂದ ಆಯುಧ ಕಸಿದ ಕಾಯಿದೆಯನ್ನು ಬ್ರಿಟಿಷರ ಅತಿ ಕೆಟ್ಟ ಕೆಲಸಗಳಲ್ಲೊಂದೆಂದು ಬರೆದಿದ್ದರು. ಮೊದಲ ಸಲ ಓದಿದಾಗ ನನಗೆ ಇದು ಒಗಟಾಗಿತ್ತು. ಆಯುಧ ಬೇಡವೆನ್ನುವವರಿಗೆ ಅದು ಹೋದರೆ ಖುಷಿಯಾಗಬೇಕಲ್ಲ? ಈ ಒಗಟು ಬಿಡಿಸಿಕೊಂಡದ್ದು ಪುಸ್ತಕದಿಂದಲ್ಲ, ನನ್ನ ತವರುಮನೆಯಿಂದ. ಅದಕ್ಕೆ ಬರುವ ಮೊದಲು ಮುಧೋಳದ ಇನ್ನೊಬ್ಬನ ಬಗ್ಗೆ ಒಂದು ಮಾತು ಹೇಳಬೇಕು.

ಮುಧೋಳವೆಂದರೆ ಈಗಿನವರಿಗೆ ಬೇಟೆನಾಯಿ, ಸಕ್ಕರೆ ಕಾರಖಾನೆ. ಕನ್ನಡ ಓದಿದವರಿಗೆ ರನ್ನ. ಸಾವಿರ ವರ್ಷದ ಹಿಂದೆ, ಮುದುವೊಳಲೆಂದು ಕರೆಯುತ್ತಿದ್ದ ಅದೇ ಊರಿನಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಬಳೆಯ ಮಲಾರ ಹೊತ್ತು ಹೆಂಗಸರ ಕೈ ಹಿಡಿದು ಬಳೆ ಇಡಿಸುವ ಮನೆತನದ ಹುಡುಗ ‘ಗದಾಯುದ್ಧ’ ಬರೆದ! ತನ್ನ ಅರಸ ಸತ್ಯಾಶ್ರಯನನ್ನೇ ಭೀಮನಾಗಿಸಿ ಬರೆದ ಕಾವ್ಯ ಅದು. ಆದರೆ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಸತ್ತವರ ನಡುವೆ ಅವನು ಒಬ್ಬನೇ ನಡೆಯುತ್ತಾನೆ. ತಮ್ಮನ ಹೆಣ, ಗೆಳೆಯ ಕರ್ಣನ ಹೆಣ, ಸ್ವಂತ ಮಗನ ಹೆಣ. ಶತ್ರುವಿನ ಮಗ ಅಭಿಮನ್ಯು ಬಿದ್ದದ್ದನ್ನು ನೆನೆದೂ ಮೆಚ್ಚಿ ಕೈಮುಗಿಯುತ್ತಾನೆ. ಮುದಿ ತಂದೆ-ತಾಯಿ ಬಂದು ಇನ್ನು ಸಾಕು, ಸಂಧಿ ಮಾಡಿಕೋ ಎಂದು ಬೇಡುತ್ತಾರೆ. ಒಪ್ಪುವುದಿಲ್ಲ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ.

ಈ ‘ಛಲ’ ನಮ್ಮ ಭಾಷೆಯಲ್ಲಿ ವಿಚಿತ್ರವಾದ ಮಾತು. ಅದು ಬೈಗುಳವೂ ಹೌದು, ಹೊಗಳಿಕೆಯೂ ಹೌದು. ಪರೀಕ್ಷೆಯಲ್ಲಿ ನಪಾಸಾದ ಮಗನಿಗೆ “ಛಲಾ ಹಿಡಿ” ಎನ್ನುತ್ತೇವೆ. ಮಾತು ಬಿಟ್ಟ ಸೊಸೆಗೆ “ಏನು ಛಲಾನೋ” ಎಂದು ಮೂಗು ಮುರಿಯುತ್ತೇವೆ. ಹಲಗಲಿಯವರದು ಯಾವ ಛಲ, ದುರ್ಯೋಧನನದು ಯಾವುದು ಎಂದು ಮಕ್ಕಳು ಕೇಳಿದ್ದರೆ ನಾನು ಸುಲಭವಾಗಿ ಉತ್ತರ ಹೇಳಿಬಿಡುತ್ತಿದ್ದೆ. ಆದರೆ ನನ್ನ ಅಪ್ಪನದು ಯಾವ ಛಲವಾಗಿತ್ತು ಎಂದು ನನಗೆ ಇಂದಿಗೂ ತಿಳಿಯದು.

ನನ್ನ ತವರು ಜಮಖಂಡಿ ತಾಲೂಕಿನ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಅಪ್ಪ, ಕಾಕಾ ಪಾಲಾದದ್ದು ಪ್ರೀತಿಯಿಂದಲೇ. ಮನೆಗೆ ನಡುಗೋಡೆ ಹಾಕಿದರು, ಹೊಲಕ್ಕೆ ಬದು ಹಾಕಿದರು. ಸಾಮಾನು ಹಂಚುವಾಗ ಒರಳು ನಮ್ಮ ಕಡೆ ಬಂತು, ಬೀಸುಕಲ್ಲು ಕಾಕಾನ ಕಡೆ ಹೋಯಿತು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಅವ್ವ ಬೆಳಗಿನ ಜಾವ ಜೋಳ ತಗೊಂಡು ಆ ಕಡೆ ಹೋಗುತ್ತಿದ್ದಳು, ಕಾಕಿ ಖಾರ ಕುಟ್ಟಲು ಈ ಕಡೆ ಬರುತ್ತಿದ್ದಳು. ಇಬ್ಬರೂ ಒಂದೇ ಕಲ್ಲಿಗೆ ಎದುರುಬದುರು ಕೂತು ಬೀಸುವಾಗ ಹಾಡುತ್ತಿದ್ದುದು ನನಗೆ ನೆನಪಿದೆ.

ನದಿಯಿಂದ ಪಂಪಿನಲ್ಲಿ ನೀರೆತ್ತಿ ಕಬ್ಬು ಹಚ್ಚುವುದು ನಮ್ಮೂರಿಗೆ ಬಂದ ಮೇಲೆ ಎರಡು ಮೊಳ ನೆಲಕ್ಕೂ ಬೆಲೆ ಬಂತು. ಒಂದು ವರ್ಷ ರಂಟೆ ಹೊಡೆಯುವಾಗ ಕಾಕಾನ ಆಳು ಬದುವನ್ನು ಒಂದು ಮೊಳ ತಿಂದ ಎಂದು ಅಪ್ಪ ಹೇಳಿದ. ತಿಂದಿಲ್ಲವೆಂದು ಕಾಕಾ. ಅಲ್ಲಿಂದ ಹಿಡಿದು ಇಪ್ಪತ್ತೈದು ವರ್ಷ! ತಾರೀಖಿನ ದಿನ ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುತ್ತಿದ್ದರು, ಏಕೆಂದರೆ ಊರಿಗೆ ಇದ್ದದ್ದೇ ಆ ಒಂದು ಬಸ್ಸು. ಒಬ್ಬ ಡ್ರೈವರನ ಹಿಂದೆ, ಇನ್ನೊಬ್ಬ ಕೊನೆಯ ಸೀಟು. ಮಧ್ಯಾಹ್ನ ಒಂದೇ ಖಾನಾವಳಿಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂತು ಒಂದೇ ಸಾರು ಉಂಡು, ಅದೇ ಬಸ್ಸಿಗೆ ಮರಳುತ್ತಿದ್ದರು. ಇದನ್ನು ಹೇಳಿದಾಗ ನನ್ನ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಾವು ನಗಲಿಲ್ಲ. ಆ ಮನೆಯ ಹೊಸ್ತಿಲು ತುಳಿಯಕೂಡದೆಂದು ಅಪ್ಪ ಅವ್ವನಿಗೆ ಹೇಳಿದ. ಬೀಸುಕಲ್ಲು ಆ ಕಡೆಯೇ ಉಳಿಯಿತು. ಜೋಳದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವ್ವ ಬೇರೆಯವರ ಮನೆಯ ಕಲ್ಲು ಕೇಳಿಕೊಂಡು ಹೋಗುವಂತಾಯಿತು. ಅವರಿಬ್ಬರ ಒಂದು ಮೊಳ ನೆಲಕ್ಕೆ ನನ್ನವ್ವ ನಡೆದ ಹರದಾರಿಗಳನ್ನು ಯಾವ ಕೋರ್ಟೂ ಲೆಕ್ಕ ಹಾಕಿರಲಾರದು.

ಒಂದು ರಾತ್ರಿ ಅಪ್ಪ ಕೊಡಲಿ ತೆಗೆದ. ನಾನು ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದೆ, ಕಣ್ಣಾರೆ ಕಂಡದ್ದು. ಬದುವಿನ ಮೇಲಿನ ಬೇವಿನ ಗಿಡವನ್ನು ಕಾಕಾ ಕಡಿಸಿದ್ದನೆಂದು ಸುದ್ದಿ ಬಂದಿತ್ತು. ಅಪ್ಪ ಕೊಡಲಿಯನ್ನು ಗೋಡೆಗೆ ಆನಿಸಿ ರುಮಾಲು ಸುತ್ತಿಕೊಳ್ಳಲು ಒಳಗೆ ಹೋದ. ತಿರುಗಿ ಬರುವುದರೊಳಗೆ ಕೊಡಲಿ ಇರಲಿಲ್ಲ. ಅವ್ವ ಕಣಿಕೆಯ ಬಣವೆಯೊಳಗೆ ತುರುಕಿದ್ದಳು. ಅಪ್ಪ ಕೂಗಾಡಿದ, ಹೊಡೆಯಲು ಬಂದ. ಅವ್ವ ಗೋಡೆಗೆ ಒರಗಿ ಕೂತು “ಏನ್ ಬೇಕಾರ ಮಾಡ್ರಿ, ನನಗ ಗೊತ್ತಿಲ್ಲ” ಎಂದಳು. ಬೆಳಗಾದ ಮೇಲೆ, ಅಪ್ಪ ಚಹಾ ಕುಡಿದು ಸುಮ್ಮನೆ ಕೂತಾಗ, ಅವಳೇ ಹೋಗಿ ಕೊಡಲಿ ತಂದು ಅವನ ಮುಂದಿಟ್ಟಳು. “ತಗೋರಿ. ಬೇಲಿಗೆ ಜಾಲಿ ಕಡೀಬೇಕಲ್ಲ” ಎಂದಳು. ಅಪ್ಪ ತಲೆಯೆತ್ತದೆ ಅದನ್ನು ತೆಗೆದುಕೊಂಡು ಹೊರಗೆ ನಡೆದ.

ಮೊಮ್ಮಗಳ ಲಾವಣಿ ಕೇಳಿದ ರಾತ್ರಿ ನನಗೆ ನಿದ್ದೆ ಬಾರದೆ ಇದೇ ನೆನಪಾಯಿತು. ಅವ್ವನೂ ಕಸಿದಳು, ಕಂಪನಿಯೂ ಕಸಿಯಿತು. ಆದರೆ ಅವ್ವ ಕೊಡಲಿಯನ್ನು ಇಟ್ಟುಕೊಂಡದ್ದು ಒಂದು ರಾತ್ರಿ, ತಿರುಗಿ ಕೊಟ್ಟದ್ದು ಅವನ ಕೈಗೇ. ನಾಳೆಯೂ ನಾಡಿದ್ದೂ ಆ ಮನುಷ್ಯನೊಡನೆ ಬಾಳಬೇಕಾದವಳು ಅವಳು. ಎಲ್ಲೋ ಕೂತು ಹುಕುಂ ಬರೆದವರಿಗೆ ಹಲಗಲಿಯವರ ಜೊತೆ ಬಾಳಬೇಕಾದ ಗರಜು ಇರಲಿಲ್ಲ. ಗಾಂಧೀಜಿಯ ಆ ಮಾತಿನ ಅರ್ಥವೂ ಆಗಲೇ ನನಗೆ ಹೊಳೆದದ್ದು. ತಾನಾಗಿ ಕೆಳಗಿಟ್ಟವನ ಕೈ ಬೇರೆ, ಬರಿದು ಮಾಡಿಸಿಕೊಂಡವನ ಕೈ ಬೇರೆ. ನನ್ನ ತಿಳುವಳಿಕೆ ತಪ್ಪೂ ಇರಬಹುದು. ಪಂಡಿತರು ಬೇರೆ ಅರ್ಥ ಹೇಳಿಯಾರು.

ರನ್ನ ಗದಾಯುದ್ಧ ಒಂದನ್ನೇ ಬರೆಯಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 993ರಲ್ಲಿ ಅವನು ‘ಅಜಿತಪುರಾಣ’ ಬರೆದು ಮುಗಿಸಿದ. ಬರೆಸಿದವಳು ಅತ್ತಿಮಬ್ಬೆ. ಅವಳೂ ಯುದ್ಧದ ಮನೆಯವಳೇ. ಗಂಡ ನಾಗದೇವ ಚಾಲುಕ್ಯರ ಸೇನಾನಿ; ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ. ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ಸ್ವಂತ ತಂಗಿ ಗುಂಡಮಬ್ಬೆ, ಚಿತೆಯೇರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗನನ್ನು ಸಾಕಿದಳು. ಪೊನ್ನನ ‘ಶಾಂತಿಪುರಾಣ’ವನ್ನು ಓಲೆಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅರಸನಿಗಾಗಿ ಗದೆಯ ಕಾವ್ಯ ಬರೆದವನು ವಿಧವೆಯೊಬ್ಬಳಿಗಾಗಿ ವೈರಾಗ್ಯದ ಕಾವ್ಯ ಬರೆದ. ಶಾಲೆಯಲ್ಲಿ ನಾವು ಮೊದಲಿನದನ್ನು ಗಂಟಲು ಹರಿಯುವಂತೆ ಓದಿಸುತ್ತೇವೆ, ಎರಡನೆಯದರ ಹೆಸರು ಮಾತ್ರ ಬರೆಸುತ್ತೇವೆ. ಶಾಂತಿಯ ಕತೆಗೆ ಗಲಾಟೆಯಿಲ್ಲವಲ್ಲ, ಕೇಳುವವರು ಕಡಿಮೆ.

ಮೊಮ್ಮಗಳ ಪರೀಕ್ಷೆ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹಲಗಲಿಗೆ ಹೋಗಿಬಂದೆ. ಹೊಲ, ಮನೆ, ದನ, ಎಲ್ಲ ಊರಿನಂತೆ ಒಂದು ಊರು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ನೀರು ಕೊಟ್ಟು, ಯಾರ ಪೈಕಿ, ಯಾವ ಊರು ಎಂದೆಲ್ಲ ಕೇಳಿದಳು. ಮುಧೋಳ-ಬೀಳಗಿ ಸೀಮೆಯ ಆ ಗುಡ್ಡಗಾಡಿನಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ಧಾಮ ಮಾಡಿದ್ದಾರೆ. ಅಲ್ಲೀಗ ಬೇಟೆ ನಿಷಿದ್ಧ. ಬೇಡರು ಆಯುಧಕ್ಕಾಗಿ ಸತ್ತ ಸೀಮೆಯಲ್ಲಿ ಈಗ ಚಿಂಕಾರ ನಿರ್ಭಯವಾಗಿ ಓಡಾಡುತ್ತದೆ. ಇದಕ್ಕೆ ಖುಷಿಪಡಬೇಕೋ ಮರುಗಬೇಕೋ ನನಗೆ ತಿಳಿಯಲಿಲ್ಲ. ಮೊಮ್ಮಗಳಿಗೆ ಚಿಂಕಾರ ಕಾಣಲಿಲ್ಲವೆಂಬುದೇ ದೊಡ್ಡ ದುಃಖ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು “ಮುತ್ತಜ್ಜಂದು ಜಗಳ ಹ್ಯಾಂಗ ಮುಗೀತಜ್ಜಿ?” ಎಂದು ಕೇಳಿದಳು. ಮುಗಿಯಿತೋ ಇಲ್ಲವೋ, ನಡೆದದ್ದನ್ನು ಹೇಳಿದೆ.

ಕಾಕಿಯ ತವರು ಬೀಳಗಿ ತಾಲೂಕಿನ ನದಿದಂಡೆಯ ಹಳ್ಳಿ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿಗೆ ಆ ಕಡೆಯ ಊರುಗಳು ಒಂದೊಂದಾಗಿ ಏಳಬೇಕಾಯಿತು. ಅವಳ ತವರಿನದೂ ಸರತಿ ಬಂತು. ಅಣ್ಣ-ತಮ್ಮಂದಿರು ಬಾಗಿಲು, ತೊಲೆ, ಜಂತಿ ಕಿತ್ತು ಟ್ರ್ಯಾಕ್ಟರಿಗೆ ಹೇರಿ ಪುನರ್ವಸತಿ ಕೇಂದ್ರಕ್ಕೆ ಹೋದರೆಂದು ಸುದ್ದಿ ಬಂದ ದಿನ ಕಾಕಿ ನಡುಗೋಡೆಯ ಆಚೆ ಅಳುತ್ತಿದ್ದಳು. ಗೋಡೆಗೆ ಕಿವಿಯಿತ್ತೇ ಹೊರತು ಬಾಗಿಲಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದುಕೊಂಡು ಎದ್ದಳು. ಪಡಸಾಲೆಯಲ್ಲಿ ಕೂತಿದ್ದ ಅಪ್ಪನ ಮುಂದೆಯೇ ಹಾದು, ಬೀದಿಗೆ ಇಳಿದು, ಆ ಮನೆಯ ಹೊಸ್ತಿಲು ದಾಟಿದಳು. ಇಪ್ಪತ್ತೈದು ವರ್ಷದ ಮೇಲೆ. ಅಪ್ಪ ಏನೂ ಅನ್ನಲಿಲ್ಲ. ಅವ್ವನೇ ಹೇಳಿದ ಪ್ರಕಾರ, ಅವನು ಎದ್ದುಹೋಗಿ ಒಲೆಯ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದನಂತೆ.

ಅಣ್ಣತಮ್ಮಂದಿರು ಮಾತಾಡಿದರೆಂದು ಹೇಳಲಾರೆ. ತಾರೀಖಿಗೆ ಹೋಗುವುದು ಮಾತ್ರ ಒಬ್ಬರಾದ ಮೇಲೆ ಒಬ್ಬರು ಬಿಟ್ಟರು. ಬದು ಎಲ್ಲಿತ್ತೋ ಅಲ್ಲೇ ಇದೆ, ಅದರ ಮೇಲೆ ಈಗ ಬೇರೆ ಬೇವು ಬೆಳೆದಿದೆ.

ಆ ದಿನ ಅಳು ನಿಂತ ಮೇಲೆ ಕಾಕಿ ಮೂಲೆಯಲ್ಲಿದ್ದ ಬೀಸುಕಲ್ಲು ತೋರಿಸಿ, “ಒಯ್ತೀಯೇನಕ್ಕಾ?” ಎಂದು ಕೇಳಿದಳಂತೆ. ಅಷ್ಟರಲ್ಲಿ ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು. “ಒಬ್ಬಾಕೀ ಕೈಲೆ ಎತ್ತಾಕ ಆಗೂದಿಲ್ಲಬೇ, ಇರಲಿ ಅಲ್ಲೇ” ಎಂದಳಂತೆ ಅವ್ವ.